ಕಟ್ಟಿಹಾಕಿದ ಎಡಗೈ

ಮಗುವನ್ನು ತಿದ್ದಲು ಇಬ್ಬರು ದೊಡ್ಡವರು ಒಟ್ಟಾದರೆ ಸಾಕು, ನಗೆಪಾಟಲಿಗೆ ಮೂರನೆಯವರು ಬೇಕಿಲ್ಲ. ಗದಗಿನ ಕಡೆಯಿಂದ ಪೀಣ್ಯಕ್ಕೆ ಬಂದವಳು ನಾನು, ಇಲ್ಲೇ ಮುದುಕಿಯಾದೆ. ಎಪ್ಪತ್ತರ ದಶಕದ ಕೊನೆ. ನಮ್ಮವರು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ನಡೆಸುತ್ತಿದ್ದರು, ಮಗಳು ಒಂಬತ್ತನೇ ಕ್ಲಾಸು. ಬರೆದಷ್ಟೂ ಸರಿ ಇರುತ್ತಿತ್ತು, ಆದರೆ ಅರ್ಧ ಪೇಪರ್ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಹೀಗೇ ಆದರೆ ಫೇಲಾಗಿ ಒಂದು ವರ್ಷ ಕಳೆದುಕೊಳ್ಳುತ್ತಾಳೆ ಎಂದರು ಲೆಕ್ಕದ ಮೇಷ್ಟ್ರು. ಅವರೂ ನಾನೂ ಸೇರಿ ಅವಳನ್ನು ಪಾಸು ಮಾಡಿಸಲು ಹೊರಟೆವು.

ಪೆನ್ಸಿಲ್

ಮನೆಯಲ್ಲಿ ಗಡಿಯಾರ ಇಟ್ಟು ಬರೆಸಿ ಎಂದರು ಮೇಷ್ಟ್ರು. ಈ ಕೆಲಸ ನಮ್ಮವರಿಗೆ ಹಿಡಿಸಿತು. ಕಾರ್ಖಾನೆಯಲ್ಲೂ ಒಂದೊಂದು ಜಾಬಿಗೆ ಇಷ್ಟು ನಿಮಿಷ ಅಂತ ಇರುತ್ತದಲ್ಲ! ಕೈಗಡಿಯಾರ ಬಿಚ್ಚಿಟ್ಟು ಮಗಳ ಮುಂದೆ ಕೂತರು. ಅವಳು ನಿಧಾನವಾದಾಗಲೆಲ್ಲ "ಟೂಲ್ ಮೊಂಡಾಗೈತಿ, ತಾ ಇಲ್ಲೆ" ಎಂದು ಪೆನ್ಸಿಲ್ ಕಿತ್ತುಕೊಂಡು ಚೂಪು ಮಾಡುವರು. ಒಂದು ಗಂಟೆಯಲ್ಲಿ ಅವಳು ಮುಗಿಸಿದ್ದು ನಾಲ್ಕು ಲೆಕ್ಕ, ಅವರು ಮುಗಿಸಿದ್ದು ಮೂರು ಪೆನ್ಸಿಲ್.

ಶೇಂಗಾ ಉಂಡಿ

ಒಂದು ಕಿರುಪರೀಕ್ಷೆಯಲ್ಲಿ ಮಗಳು ಪೇಪರ್ ಪೂರ್ತಿ ಬರೆದು ಇಪ್ಪತ್ತೈದಕ್ಕೆ ಇಪ್ಪತ್ಮೂರು ತಂದಳು. ಶೇಂಗಾ ಉಂಡಿ ಕಟ್ಟಿಕೊಂಡು ಶಾಲೆಗೆ ಓಡಿದೆ. ಮೇಷ್ಟ್ರು ಆಚೀಚೆ ನೋಡಿ ಮೆಲ್ಲಗೆ, "ಖುಷಿ ಪಡ್ಬೇಡೀಮ್ಮ. ಎಡಗೈಲಿ ಬರ್ದಿದಾಳೆ" ಎಂದರು, ಕದ್ದು ಸಿಕ್ಕಿಬಿದ್ದಳು ಅನ್ನುವ ಹಾಗೆ.

ನನಗೂ ಹಾಗೇ ಅನಿಸಿತು. ಮಗಳು ಹುಟ್ಟಾ ಎಡಚಿ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಎಡಗೈ ಚಾಚಿದಾಗ ಅದರ ಮೇಲೆ ಹೊಡೆದು ಬಲಗೈಗೆ ತಿರುಗಿಸಿದ್ದವಳು ನಾನೇ. ನಾಚಿಕೆಯಿಂದ ಡಬ್ಬಿ ಮುಚ್ಚಿದೆ.

"ಉಂಡೆ ಏನ್ ತಪ್ಪು ಮಾಡಿದೆ ಬಿಡಿ" ಎಂದು ಮೇಷ್ಟ್ರು ಎರಡು ತೆಗೆದುಕೊಂಡರು.

ಎಮ್ಮೆ

ಅಂದಿನಿಂದ ನಮ್ಮಿಬ್ಬರ ಕಾವಲು. ಎಡಗೈ ಪೆನ್ನಿನ ಹತ್ತಿರ ಹೋದರೆ ಶಾಲೆಯಲ್ಲಿ ಮೇಷ್ಟ್ರು "ಕೈ!" ಅನ್ನುವರು, ಮನೆಯಲ್ಲಿ ನಾನು "ಕೈ!" ಅನ್ನುವೆ. ಓದಲು ಕೂತಾಗ ಹಳೆ ಸೀರೆಯ ಚೂರಿನಿಂದ ಆ ಕೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದೆ.

ನಮ್ಮವರು ಅದನ್ನು ನೋಡಿ, "ನಮ್ಮ ಲೇಥಿಗೆ ಎಡಗೈ ಟೂಲು, ಬಲಗೈ ಟೂಲು ಎರಡೂ ಅದಾವ. ಎರಡೂ ಕೆಲಸ ಮಾಡ್ತಾವ" ಎಂದರು.

"ಆಕಿ ಲೇಥ್ ಅಲ್ರೀ, ಹೆಣ್ಣುಹುಡುಗಿ" ಎಂದೆ.

"ಹಂಗಾದ್ರ ಕಟ್ಟಿಹಾಕಾಕ ಎಮ್ಮಿನೂ ಅಲ್ಲ!"

ಕೊಡ

ಒಂದು ದಿನ ಬೋರ್‌ವೆಲ್ಲಿನಿಂದ ಎರಡು ಕೊಡ ನೀರು ತಾ ಎಂದೆ. ಒಂದೇ ತಂದಳು. "ಇನ್ನೊಂದು ಎಲ್ಲೇ?" ಎಂದರೆ, "ಅದು ಎಡಗೈದು" ಎಂದಳು. "ನೀರಿಗಾದ್ರ ಎಡಗೈ ಬೇಕು, ಬರಿಯಾಕ ಬ್ಯಾಡೇನವ್ವಾ?"

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ. ಅವಳು ನಿಜವಾಗಿ ಕೇಳಿದ್ದಳು ಅನ್ನುವುದು ನನಗೆ ಹೊಳೆಯಲಿಲ್ಲ. ಸಂಜೆ ಮತ್ತೆ ಕಟ್ಟಿದೆ.

ಕೈ!

ವಾರ್ಷಿಕ ಪರೀಕ್ಷೆಯಲ್ಲಿ ಫೇಲಾದಳು. ಮೇಲಿನ ಕ್ಲಾಸಿಗೆ ಹಾಕಿ ಎಂದು ಬೇಡಿಕೊಳ್ಳಲು ಅವಳನ್ನೂ ಕರೆದುಕೊಂಡು ಮೇಷ್ಟ್ರ ಜೊತೆ ದೊಡ್ಡ ಮೇಡಂ ಹತ್ತಿರ ಹೋದೆ. ಅವರು ಆ ವಾರವಷ್ಟೇ ಮುಖ್ಯೋಪಾಧ್ಯಾಯಿನಿಯಾಗಿ ವರ್ಗವಾಗಿ ಬಂದಿದ್ದರು.

ಮೇಷ್ಟ್ರು ಹೆಮ್ಮೆಯಿಂದ, "ಮೇಡಂ, ಎಡಗೈ ಚಟ ಒಂದಿತ್ತು. ನಾನೂ ಈ ತಾಯೀನೂ ಸೇರಿ ಪೂರ್ತಿ ಬಿಡಿಸಿದೀವಿ" ಎಂದರು.

"ಹೌದ್ರೀ ಮೇಡಂ, ಕಟ್ಟಿ ಹಾಕಿ ಬಿಡಿಸೀನಿ" ಎಂದೆ ನಾನು.

ಮೇಡಂ ಒಂದು ಹಾಳೆ ಎಳೆದುಕೊಂಡು ಬರೆಯತೊಡಗಿದರು. ಎಡಗೈಯಲ್ಲಿ! ಅಕ್ಷರ ಮುತ್ತಿನಂತಿತ್ತು. ಮೇಷ್ಟ್ರು ಕೆಮ್ಮಿದರು.

"ಒಂಬತ್ತನೇ ಕ್ಲಾಸು ಮತ್ತೆ ಓದ್ಲೇಬೇಕಮ್ಮ, ಹೋದ ವರ್ಷಾನ ನಾನು ವಾಪಸ್ ಕೊಡಕ್ಕಾಗಲ್ಲ" ಎಂದರು ಮೇಡಂ. "ಆದ್ರೆ ಈ ಚೀಟೀನ ಎಲ್ಲಾ ಮೇಷ್ಟ್ರಿಗೂ ತೋರ್ಸಿ. ಇವಳು ಯಾವ ಕೈಲಿ ಬರೆದ್ರೂ ಯಾರೂ ಕೇಳೋ ಹಾಗಿಲ್ಲ."

ಆ ವರ್ಷವನ್ನು ನಾನೇ ಗಂಟು ಹಾಕಿ ಕಳೆದಿದ್ದೆ. ಕಣ್ಣು ತುಂಬಿ ಬಂತು. ಬಲಗೈಯಲ್ಲಿ ಸೆರಗು ಹಿಡಿದು ಕಣ್ಣೊರೆಸಿಕೊಳ್ಳುತ್ತ ಚೀಟಿಗೆ ಇನ್ನೊಂದು ಕೈ ಚಾಚಿದೆ.

ವರ್ಷವೆಲ್ಲ ನಗದಿದ್ದ ಮಗಳು ಹಿಂದಿನಿಂದ ನಗುತ್ತ ಕೂಗಿದಳು:

"ಅವ್ವಾ, ಕೈ!"