ಹನ್ನೊಂದು ಪದಾಧಿಕಾರಿಗಳು ಕುವೈತ್ ಬಿಟ್ಟದ್ದು

ಪರದೇಶದಲ್ಲಿ ನಮ್ಮ ಕರಾವಳಿಯ ನಾಲ್ಕು ಜನ ಒಟ್ಟಿಗೆ ಕೂತರೆ ಚಹಾ ಬರುವ ಮೊದಲೇ ಒಂದು ಸಂಘ ಹುಟ್ಟುತ್ತದೆ. ಸಂಘ ಹುಟ್ಟಿದ ಮೇಲೆ ನಾನೀಗ ಹೇಳುವಂಥವೆಲ್ಲ ಆಗದೆ ಇರುತ್ತವೆಯೇ? 1990ರ ಆರಂಭದಲ್ಲಿ ಕುವೈತಿನ ಆಸ್ಪತ್ರೆಗಳಲ್ಲಿ ನರ್ಸು, ಲ್ಯಾಬು, ಎಕ್ಸ್‌ರೇ ಅಂತ ದುಡಿಯುತ್ತಾ ಬಡ್ತಿ ಪರೀಕ್ಷೆಗೆ ಓದುತ್ತಿದ್ದವರು ನಾವು ಹನ್ನೊಂದು ಜನ. ಒಟ್ಟಿಗೆ ಓದೋಣವೆಂದು ಒಂದು ಶುಕ್ರವಾರ ಫರ್ವಾನಿಯಾದ ನನ್ನ ಫ್ಲ್ಯಾಟಿನಲ್ಲಿ ಸೇರಿದೆವು. ಪುಸ್ತಕವನ್ನು ಒಬ್ಬರೂ ತಂದಿರಲಿಲ್ಲ.

೧. ಸದಸ್ಯರು ಬೇಕಾಗಿದ್ದಾರೆ

ನಮ್ಮಲ್ಲೆಲ್ಲ ಹಿರಿಯರಾದ ಲ್ಯಾಬಿನವರೊಬ್ಬರನ್ನು ಕೇಂದ್ರ ಅಧ್ಯಕ್ಷರನ್ನಾಗಿ ಮಾಡಿದೆವು. ಅವರು ಕಾಗದ ಪೆನ್ನು ಹಿಡಿದು, "ಕುವೈತ್ ಸಣ್ಣದಲ್ಲ ಮಾರಾಯ್ರೆ, ಪ್ರಾದೇಶಿಕ ಘಟಕ ಬೇಕು" ಅಂದರು. ಫರ್ವಾನಿಯಾ, ಸುಲೈಬಿಯಾ, ಅಹ್ಮದಿ ಅಂತ ಮೂರು ಘಟಕಗಳಾದವು. ಪ್ರತಿ ಘಟಕಕ್ಕೂ ಒಬ್ಬ ಅಧ್ಯಕ್ಷ, ಒಬ್ಬ ಉಪಾಧ್ಯಕ್ಷ, ಒಬ್ಬ ಕಾರ್ಯದರ್ಶಿ. ಮೇಲೆ ಒಬ್ಬ ಕೇಂದ್ರ ಕಾರ್ಯದರ್ಶಿ. ನಾನು ಫರ್ವಾನಿಯಾದ ಉಪಾಧ್ಯಕ್ಷನಾದೆ. ಆ ಸಂತೋಷದಲ್ಲಿ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಮಾಡಿದೆ.

ಅಹ್ಮದಿಯ ನರ್ಸನ್ನು ನಾವೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಕೊಂಕಣಿ ಮನೆಯವರು, ಲೆಕ್ಕದಲ್ಲಿ ಚುರುಕು. "ಹನ್ನೊಂದು ಜನಕ್ಕೆ ಹನ್ನೊಂದು ಪೋಸ್ಟ್ ಆಯ್ತು. ಹಾಗಾದ್ರೆ ಸದಸ್ಯರು ಯಾರು?" ಎಂದು ಕೇಳಿದರು.

ಅಧ್ಯಕ್ಷರು ಗಂಭೀರವಾಗಿ ಯೋಚಿಸಿ ಹೇಳಿದರು: "ಅದು ದೊಡ್ಡ ಜವಾಬ್ದಾರಿ. ಮುಂದಿನ ಸಭೆಯಲ್ಲಿ ಚುನಾವಣೆ ಮಾಡಿಯೇ ಆರಿಸುವ."

೨. ಜಗಳದ ಭಾಷೆ

ಸಭೆ ಕನ್ನಡದಲ್ಲೇ ಶುರುವಾಗುತ್ತಿತ್ತು. ಆದರೆ ಸಿಟ್ಟು ಬಂದರೆ ಆರು ಜನ ತುಳುವಿಗೆ, ಐದು ಜನ ಕೊಂಕಣಿಗೆ ಹಾರುತ್ತಿದ್ದರು. ಯಾರು ಯಾರಿಗೆ ಬೈದರೆಂದು ನಡಾವಳಿಯಲ್ಲಿ ಬರೆಯಲಾಗದೆ ಕೇಂದ್ರ ಕಾರ್ಯದರ್ಶಿ ಸೋತುಹೋದರು. ಕೊನೆಗೆ ಒಂದು ನಿಯಮ ಬಂತು: ಜಗಳ ಕನ್ನಡದಲ್ಲೇ ಆಗಬೇಕು.

ನಮ್ಮ ಕನ್ನಡವೋ ಶಾಲೆಯ ಪಾಠಪುಸ್ತಕದ್ದು. ಅದರಲ್ಲಿ ಬೈಗುಳದ ಪಾಠ ಇರಲಿಲ್ಲ. ಪರೀಕ್ಷೆಯ ನೋಟ್ಸು ಯಾರ ಬಳಿ ಇರಬೇಕು ಎಂಬ ಚರ್ಚೆ ಕಾವೇರಿದಾಗ ಸುಲೈಬಿಯಾದ ಅಧ್ಯಕ್ಷ ಮೇಜು ಗುದ್ದಿ ಎದ್ದು ನಿಂತ. ಮುಖ ಕೆಂಪಾಗಿತ್ತು, ತುಟಿ ನಡುಗುತ್ತಿತ್ತು. "ಮಾನ್ಯರೇ! ತಮ್ಮ ವರ್ತನೆಯು... ತಮ್ಮ ವರ್ತನೆಯು ಅತ್ಯಂತ ಖೇದಕರವಾಗಿರುತ್ತದೆ!" ಅಂದ.

ಬೈಸಿಕೊಂಡವನು ಎದ್ದು ಚಪ್ಪಾಳೆ ತಟ್ಟಿದ.

೩. ನಿಯೋಗ

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ನಗು ನಿಂತಿತು. ವಾರಗಟ್ಟಲೆ ಕಾದ ಮೇಲೆ ಬಾಗ್ದಾದ್ ಮಾರ್ಗವಾಗಿ ಅಮ್ಮಾನ್‌ಗೆ ಹೋಗುವ ಒಂದು ಬಸ್ಸಿನಲ್ಲಿ ನಮಗೆ ಹನ್ನೊಂದು ಸೀಟು ಸಿಕ್ಕಿತು. ಆದರೆ ಸಿಸ್ಟರ್ ಪಾಸ್‌ಪೋರ್ಟ್ ಅವರ ಆಸ್ಪತ್ರೆಯ ಆಫೀಸಿನ ಕಪಾಟಿನಲ್ಲಿತ್ತು. ಅಲ್ಲಿಯ ಗುಮಾಸ್ತ ಒಂದು ವಾರದಿಂದ "ಬುಕ್ರಾ, ನಾಳೆ ಬನ್ನಿ" ಎನ್ನುತ್ತಿದ್ದ. ಬಸ್ಸು ಹೊರಡುವುದಕ್ಕೆ ಉಳಿದಿದ್ದದ್ದು ಒಂದೇ ದಿನ. "ನೀವು ಹೋಗಿ, ನನ್ನದು ದೇವರು ನೋಡಿಕೊಳ್ಳಲಿ" ಎಂದು ಸಿಸ್ಟರ್ ಅತ್ತುಬಿಟ್ಟರು.

ಕೇಂದ್ರ ಅಧ್ಯಕ್ಷರು ಮಾತ್ರ, "ನಿಯೋಗ ಹೋಗುವ" ಅಂದರು.

ಹತ್ತು ಜನ ಆ ಸಣ್ಣ ಆಫೀಸಿಗೆ ನುಗ್ಗಿದೆವು. ಮನವಿಗೆ ಮೊದಲು ಪರಿಚಯ ಆಗಬೇಕಲ್ಲ! ಅಧ್ಯಕ್ಷರು ತಮಗೆ ಬರುವ ಅರಬ್ಬಿಯಲ್ಲಿ ಶುರು ಮಾಡಿದರು: "ಇವರು ಫರ್ವಾನಿಯಾ ಘಟಕದ ಅಧ್ಯಕ್ಷರು." ಗುಮಾಸ್ತ ಎದ್ದು ಕೈಕುಲುಕಿ ಕೂತ. "ಇವರು ಫರ್ವಾನಿಯಾ ಘಟಕದ ಉಪಾಧ್ಯಕ್ಷರು." ಮತ್ತೆ ಎದ್ದ, ನನ್ನ ಕೈಕುಲುಕಿದ, ಕೂತ. ಐದನೆಯವರ ಹೊತ್ತಿಗೆ ಅವನು ಬೆವರು ಒರೆಸಿಕೊಂಡು ಬಾಗಿಲ ಕಡೆ ನೋಡಿದ. ಅಲ್ಲಿ ಇನ್ನೂ ನಾಲ್ಕು ಜನ ಅಂಗಿ ಸರಿಮಾಡಿಕೊಳ್ಳುತ್ತಿದ್ದರು.

"ಖಲಾಸ್!" ಎಂದು ಕೂಗಿ ಕಪಾಟು ತೆರೆದು ಪಾಸ್‌ಪೋರ್ಟ್ ಕೊಟ್ಟೇಬಿಟ್ಟ.

ನಾವು ಕುಣಿದುಕೊಂಡು ಹೊರಬಂದೆವು. ಸುಲೈಬಿಯಾದ ಕಾರ್ಯದರ್ಶಿಗೆ ಮಾತ್ರ ಇವತ್ತಿಗೂ ಬೇಜಾರು: "ನನ್ನ ಪರಿಚಯವೇ ಆಗಲಿಲ್ಲ."

೪. ಸಭೆ ಮುಗಿದದ್ದು

ಬಸ್ಸು ಹೊರಟಾಗ ಅಧ್ಯಕ್ಷರು ಎದ್ದು, "ಊರಿನ ನೆಲ ಮುಟ್ಟುವ ತನಕ ಸಭೆ ನಡೀತಾ ಉಂಟು ಅಂತಲೇ ತಿಳೀರಿ. ಒಬ್ಬರೂ ಅತ್ತಿತ್ತ ಹೋಗ್ಲಿಕ್ಕಿಲ್ಲ" ಅಂದರು. ಮರುಭೂಮಿಯಲ್ಲಿ ಬಸ್ಸು ನಿಂತಲ್ಲೆಲ್ಲ ಹಾಜರಿ. ಗಡಿಯ ಡೇರೆಗಳಲ್ಲಿ ರೊಟ್ಟಿಯ ಸಾಲಿನಲ್ಲೂ ಹಾಜರಿ. ಸಾವಿರಾರು ಜನರ ಆ ಗದ್ದಲದಲ್ಲಿ ನಾವು ಹನ್ನೊಂದೂ ಜನ ಕಳೆದುಹೋಗದೆ ಉಳಿದದ್ದು ಹಾಗೆ.

ಅಮ್ಮಾನ್‌ನಿಂದ ಹೊರಟ ವಿಮಾನ ಬೊಂಬಾಯಿಯಲ್ಲಿ ಇಳಿದಾಗ ಎಲ್ಲರೂ ಅತ್ತರು. ನಾನೂ ಅತ್ತೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬಾಗಿಲು ತೆರೆಯಿತು. ಆಗ ಮುಂದಿನ ಸಾಲಿನಲ್ಲಿದ್ದ ನಮ್ಮ ಕೇಂದ್ರ ಕಾರ್ಯದರ್ಶಿ ಎದ್ದು, ಎರಡೂ ಕಡೆಯ ಸೀಟಿಗೆ ಕೈ ಊರಿ, ನಡುದಾರಿಯಲ್ಲಿ ಅಡ್ಡ ನಿಂತರು.

"ಎಂತ ಮಾಡ್ತೀರಿ? ಇಳೀರಿ!" ಅಂದೆ.

"ವಂದನಾರ್ಪಣೆ ಆಗದೆ ಸಭೆ ಮುಗಿಯುವುದು ಹೇಗೆ?"

ಶುರು ಮಾಡಿದರು. ಬಸ್ಸಿನ ಡ್ರೈವರಿಗೆ, ರೊಟ್ಟಿ ಕೊಟ್ಟವರಿಗೆ, ಪೈಲಟ್‌ಗೆ, ಕಪಾಟು ತೆರೆದ ಗುಮಾಸ್ತನಿಗೆ. ಗಗನಸಖಿ ಕೈಮುಗಿದು ಬೇಡಿಕೊಂಡಳು. ಅವಳಿಗೂ ಒಂದು ಧನ್ಯವಾದ ಬಿತ್ತು. ಹಿಂದೆ ಗಂಟುಮೂಟೆ ಹೊತ್ತು ನಿಂತಿದ್ದ ಇಡೀ ವಿಮಾನ, "ಯಲ್ಲಾ ಭಾಯಿ, ಚಲೋ!" ಎಂದು ಬೊಬ್ಬೆ ಹೊಡೆಯುತ್ತಿತ್ತು.

ಕಾರ್ಯದರ್ಶಿ ಕಣ್ಣೊರೆಸಿಕೊಂಡು, ಅವರೆಲ್ಲರ ಕಡೆ ತಿರುಗಿ, ತುಂಬಿದ ಕಂಠದಲ್ಲಿ ಮುಗಿಸಿದರು: "ಕೊನೆಯದಾಗಿ, ಕಾರ್ಯಕ್ರಮದ ಮಧ್ಯೆ ಎದ್ದು ಹೋಗದೆ, ಕೊನೆಯವರೆಗೂ ತಾಳ್ಮೆಯಿಂದ ಇದ್ದು ಸಹಕರಿಸಿದ ಸಮಸ್ತ ಸಭಿಕರಿಗೆ..."