ನಾಲ್ಕು ಪುಟದ ಬೆಂಬಲ ಪತ್ರ

ಸರ್ಕಾರಕ್ಕೆ ಬುದ್ಧಿ ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಮನೆಯಲ್ಲಿ ಯಾರೂ ನನ್ನ ಮಾತು ಕೇಳದಿರುವುದೇ ಇದಕ್ಕೆ ಕಾರಣವೆಂಬುದು ನನ್ನ ಹೆಂಡತಿ ಶಾರದೆಯ ಅಭಿಪ್ರಾಯ. ಕಾರ್ಖಾನೆ ಕೆಲಸಕ್ಕೆಂದು ಹಾಸನದಿಂದ ಕೆಜಿಎಫ್‌ಗೆ ಬಂದು, ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಕಟ್ಟಿಕೊಂಡವನು ನಾನು. ಬೀದಿಯವರ ಅರ್ಜಿಗಳನ್ನೆಲ್ಲ ಬರೆಯುವವನು ನಾನೇ. ಅವರು ಕನ್ನಡ, ತಮಿಳು, ತೆಲುಗು ಯಾವುದರಲ್ಲಿ ಗೋಳು ಹೇಳಿಕೊಂಡರೂ ನನ್ನ ಕೈಯಲ್ಲಿ ಅದು ‘ಸವಿನಯ ಪ್ರಾರ್ಥನೆ’ಯಾಗುತ್ತದೆ.

ಹೀಗಿರುವಾಗ ಮನೆ ಕಟ್ಟುವ ನಿಯಮಗಳನ್ನು ಸಡಿಲಿಸುವ ಕರಡು ಹೊರಬಿತ್ತು. ಸಣ್ಣ ನಿವೇಶನದವರು ಇನ್ನು ಮನೆಯ ಸುತ್ತ ಜಾಗ ಬಿಡಬೇಕಿಲ್ಲ. ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು. ನಾನು ಬಿಡುತ್ತೇನೆಯೇ? ಪಕ್ಕದ ಮನೆಯಲ್ಲಿ ಹೂ ಮಾರುವ ಮುನಿಯಮ್ಮ ಮಗನೊಂದಿಗೆ ಇದ್ದಳು. ಇದ್ದದ್ದು ಒಂದೇ ಕೋಣೆ. ಮಗನ ಮದುವೆಯಾಗಿ ವರ್ಷವಾದರೂ ಸೊಸೆ ಕಾಮಸಮುದ್ರದ ತವರಿನಲ್ಲೇ ಉಳಿದಿದ್ದಳು; ಮಗ ಭಾನುವಾರ ಬಸ್ಸು ಹತ್ತಿ ಹೋಗಿ ಹೆಂಡತಿಯ ಮುಖ ನೋಡಿ ಬರುತ್ತಿದ್ದ. ಇದನ್ನೇ ಉದಾಹರಿಸಿ ನಾಲ್ಕು ಪುಟದ ಬೆಂಬಲ ಪತ್ರ ಬರೆದು, ಬೀದಿಯವರಿಂದೆಲ್ಲ ಸಹಿ ಹಾಕಿಸಿ ಕಚೇರಿಗೆ ಕೊಟ್ಟೆ.

ನಿಯಮ ಬಂತು. ಮೊದಲು ಪಾಯ ತೋಡಿಸಿದವಳು ಮುನಿಯಮ್ಮನೇ. ಅವಳ ಹೊಸ ಕೋಣೆಯ ಗೋಡೆ ನಮ್ಮ ಅಡುಗೆಮನೆಯ ಕಿಟಕಿಯೆದುರು ಏಳತೊಡಗಿತು. ಅಲ್ಲಿಯವರೆಗೆ ನಮಗೆ ಬರುತ್ತಿದ್ದ ಬೆಳಕು ನಾನು ಬಿಟ್ಟ ಜಾಗದಿಂದಲ್ಲ, ಅವಳು ಬಿಟ್ಟ ಜಾಗದಿಂದ ಎಂಬುದು ಆಗ ಹೊಳೆಯಿತು.

“ರೀ, ಸಾಸಿವೆ ಯಾವುದು, ರಾಗಿ ಯಾವುದು ಗೊತ್ತಾಗ್ತಿಲ್ಲ,” ಎಂದಳು ಶಾರದೆ.

ಆಕ್ಷೇಪಣೆ ಬರೆದುಕೊಂಡು ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಕಡತದಿಂದ ನನ್ನದೇ ಪತ್ರ ತೆಗೆದರು. “ಇದಕ್ಕೆ ನೀವೇ ಉತ್ತರ ಬರೆದಿದ್ದೀರಿ ಸಾರ್, ಮೂರನೇ ಪುಟ.” ನೋಡಿದೆ. ‘ಒಂದು ಸಂಸಾರ ಕೂಡುವುದಾದರೆ ನೆರೆಯವರು ಕೊಂಚ ಬೆಳಕನ್ನು ಸಂತೋಷದಿಂದ ತ್ಯಜಿಸಬೇಕು.’ ಅಡಿಗೆರೆ ಬೇರೆ ಎಳೆದಿದ್ದೆ.

ಸಂಜೆ ಮುನಿಯಮ್ಮನೇ ಬಂದಳು. “ಕಿಟಕಿ ತಾವ ಒಂದು ಮೊಳ ಬುಟ್ಟು ಕಟ್ಟಿಸ್ತೀನಿ ಸಾ. ನೀವು ಬರ್ದಿಲ್ದೆ ಓಗಿದ್ರೆ ನನ್ ಸೊಸೆ ಎಲ್ಲಿ ಬತ್ತಿದ್ಲು?”

ಅವಳ ಕೋಣೆಯೇ ಹತ್ತಡಿ. ಅದರಲ್ಲಿ ಮೊಳ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. “ಪೂರ್ತಿ ಕಟ್ಟಿಸಮ್ಮ,” ಎಂದೆ. ತಿಂಗಳೆರಡರಲ್ಲಿ ಸೊಸೆ ಟ್ರಂಕು ಹಿಡಿದು ಬಂದಳು. ಆರತಿ ಎತ್ತಿದವಳು ಶಾರದೆ.

ಆರತಿ ತಟ್ಟೆ ಕೆಳಗಿಟ್ಟವಳೇ, “ನಿಯಮ ನಮಗೂ ಇದೆ ತಾನೆ? ಅಡುಗೆಮನೆ ಹಿತ್ತಲಿಗೆ ತಳ್ಳಿ,” ಎಂದಳು. ಮರುವಾರವೇ ಹಿತ್ತಲಲ್ಲಿ ಪಾಯ ತೋಡಿಸಿದೆವು. ಮೊನ್ನೆ ಹಿಂದಿನ ಮನೆಯ ರಂಗಪ್ಪನವರು ಬಿಳಿ ಹಾಳೆ ಹಿಡಿದು ಬಂದು ಸಂಕೋಚದಿಂದ ನಿಂತರು. ನನ್ನ ಮೇಲೊಂದು ಆಕ್ಷೇಪಣೆ ಕೊಡಬೇಕಂತೆ. ಬೀದಿಯಲ್ಲಿ ಬರೆಯಬಲ್ಲವನು ನಾನೊಬ್ಬನೇ ಅಂತೆ. ಕೂತು ಬರೆದುಕೊಟ್ಟೆ. ಎಷ್ಟು ಚೆನ್ನಾಗಿ ಬಂದಿದೆಯೆಂದರೆ, ನಮ್ಮ ಅಡುಗೆಮನೆ ಏಳುವುದೇ ಅನುಮಾನ.