ಶನಿವಾರದ ನೆಂಟನ ಸ್ವಾಗತ

— ಆ ಹಲಗೆ ಕೀಳಯ್ಯಾ.

— ಸ್ವಾಗತ ಅಂತ ಬರೆಸಿದ್ದೀನಿ, ಎನಿಡ್. ಅದರಲ್ಲಿ ಬೇಜಾರಾಗೋದೇನಿದೆ?

— ಅದೇ ಬೇಜಾರು.

ಎನಿಡ್ ಮುದುಕಿ ಕೈಚೀಲ ಹಿಡಿದು ಜೂಲಿಯನ್‌ನ ಸೇಬಿನ ತೋಟದ ಗೇಟಿಗೆ ಅಡ್ಡ ನಿಂತಿದ್ದಳು. ಜೂಲಿಯನ್ ಲಂಡನ್ನಿನವನು, ಶನಿವಾರ ಬಂದು ಭಾನುವಾರ ಹೋಗುವ ಗಿರಾಕಿ. ತಿನ್ನುವ ಬ್ರೆಡ್ಡನ್ನೂ ಅಲ್ಲಿಂದಲೇ ತರುತ್ತಿದ್ದ, ಹೋಗುವಾಗ ಮಾತ್ರ ಊರನ್ನು ಬಾಯಿತುಂಬ ಹೊಗಳಿ ಹೋಗುತ್ತಿದ್ದ. ಊರಿನವರು ಬಸ್ಸು ಹಿಡಿಯಲು ಅವನ ತೋಟ ಹಾಯಬೇಕು. ಸುತ್ತಿ ಹೋದರೆ ಲಾರಿಗಳು ಮೈಮೇಲೇ ಬರುವ ರಸ್ತೆ. ಎನಿಡ್‌ಳ ಅತ್ತೆಯೂ ಇಲ್ಲೇ ನಡೆದವಳು, ಯಾರನ್ನೂ ಕೇಳಿದವಳಲ್ಲ. ಈ ವಾರ ಬಂದವನು ಚೆಂದದ ಹಲಗೆ ನೆಟ್ಟಿದ್ದ: ‘ಸ್ವಾಗತ. ಮಾಲೀಕರ ಅನುಮತಿಯಿಂದ ಇಲ್ಲಿ ನಡೆಯಬಹುದು.’

— ನಾನು ತಡೀತಿಲ್ಲವಲ್ಲ. ಧಾರಾಳವಾಗಿ ಓಡಾಡಿ, ನನ್ನ ಒಪ್ಪಿಗೆ ಇದೆ.

— ನಿನ್ನ ಒಪ್ಪಿಗೆ ಯಾರು ಕೇಳಿದ್ರು? ಕೇಳದೆ ನಡೆದ ದಾರಿ ಊರಿಂದು. ಕೇಳಿ ನಡೆದ್ರೆ ನಿಂದು. ಕೊಟ್ಟೋನು ನಾಳೆ ಕಿತ್ಕೋತಾನೆ.

— ನಾನಂಥವನಲ್ಲ.

— ನೀನಲ್ಲ ಸರಿ. ನೀನು ಮಾರಿ ಹೋದ ಮೇಲೆ ಬರೋನು?

ಎನಿಡ್‌ಳ ಮೈದುನ ಕ್ಲೆಮ್ ಬೇಲಿಗೊರಗಿ, ಜೂಲಿಯನ್ ಕೊಟ್ಟ ಕೇಕು ಮೆಲ್ಲುತ್ತಿದ್ದ. ಬಿಡು ಅತ್ತಿಗೆ, ಪಾಪ, ಒಳ್ಳೆ ಮನುಷ್ಯ ಎಂದ. ಕೆಟ್ಟವನಾಗಿದ್ದರೆ ಇಷ್ಟು ಹೊತ್ತಿಗೆ ಕೆಲಸ ಆಗಿರುತ್ತಿತ್ತು ಎಂದು ಎನಿಡ್ ಗೊಣಗಿದಳು.

— ಊರಿಗೆ ಬರೋ ನೆಂಟ ನೀನು. ನೆಂಟನಾದವನು ಮನೆಯವರಿಗೇ ‘ಒಳಗೆ ಬನ್ನಿ, ಕೂತ್ಕೊಳಿ’ ಅನ್ನೋದು ಎಲ್ಲಾದ್ರೂ ಉಂಟಾ?

— ಈ ಜಾಗ ನಾನು ಕೊಂಡಿದ್ದೀನಿ.

— ಮರ ಕೊಂಡಿದ್ದೀಯ. ನಮ್ಮ ಕಾಲು ಕೊಂಡಿಲ್ಲ.

ಜೂಲಿಯನ್ ಇನ್ನೂ ನಗುತ್ತಲೇ ಇದ್ದ. ಅಕ್ಷರ ಒರಟಾಗಿ ಕಂಡರೆ ಸುತ್ತ ಗುಲಾಬಿ ಹೂವಿನ ಚಿತ್ರ ಬರೆಸುತ್ತೇನೆ ಎಂದ. ಆ ಗುಲಾಬಿಯನ್ನು ಅವನು ಎಲ್ಲಿ ಮುಡಿದುಕೊಳ್ಳಬಹುದೆಂದು ಎನಿಡ್ ಹೇಳಿದ ಮಾತಿಗೆ ಕ್ಲೆಮ್‌ಗೆ ಕೇಕು ನೆತ್ತಿಗೇರಿತು. ಅವನು ಕೆಮ್ಮಿ ಮುಗಿಸುವಷ್ಟರಲ್ಲಿ ಮುದುಕಿ ಹಲಗೆಯನ್ನು ಅಲ್ಲಾಡಿಸಿ ಕಿತ್ತು, ಜೂಲಿಯನ್ ಮುದ್ದಿನಿಂದ ಬೆಳೆಸಿದ ಸೊಪ್ಪಿನ ಮಡಿಯ ಮೇಲೆ ಎಸೆದಿದ್ದಳು. ಅವನ ನಗು ಇಳಿಯಿತು.

— ಸಾಕು. ಇದು ನನ್ನ ಜಾಗ. ಇನ್ನು ಊರಿನವರು ಒಬ್ಬರೂ ಇಲ್ಲಿ ಕಾಲಿಡಕೂಡದು. ಗೇಟಿಗೆ ಬೀಗ ಜಡೀತೀನಿ.

ಎನಿಡ್ ಚೀಲ ಕೆಳಗಿಟ್ಟು, ಅವನ ಎರಡೂ ಕೈ ಹಿಡಿದು ಕುಲುಕಿದಳು.

— ಕ್ಲೆಮ್, ಕೇಳಿಸ್ಕೊಂಡ್ಯಾ?

— ಕೇಳಿದೆ. ಬೀಗಾನೂ ಹಾಕ್ತಾನಂತೆ.

— ಏನು ನಡೀತಿದೆ ಇಲ್ಲಿ? ಜೂಲಿಯನ್ ಕಂಗಾಲಾದ.

— ದಾರಿ ಊರಿನ ಹೆಸರಿಗೆ ಬರಕೊಳ್ಳಿ ಅಂತ ಕೌನ್ಸಿಲ್‌ಗೆ ಹೋದಾಗೆಲ್ಲ, ಯಾರೂ ತಡೆದಿಲ್ಲವಲ್ಲ, ತಡೆದಾಗ ಬನ್ನಿ ಅಂತ ಕಳಿಸ್ತಿದ್ರು. ನೀನೋ, ಕಂಡಾಗೆಲ್ಲ ಹಲ್ಲು ಕಿರಿದು ಕೈ ಬೀಸೋನು. ಅಂತೂ ಇವತ್ತು ತಡೆದೆ. ಸೋಮವಾರ ಹೋಗ್ತೀವಿ.

ಜೂಲಿಯನ್ ಗೇಟನ್ನು ಅಗಲಕ್ಕೆ ತೆರೆದು, ಸಿಟ್ಟಿನಲ್ಲಿ ಅಂದದ್ದು, ದಯವಿಟ್ಟು ಬನ್ನಿ, ಓಡಾಡಿ ಎಂದು ಅಂಗಲಾಚಿದ. ಎನಿಡ್ ಆ ಗೇಟನ್ನು ತಾನೇ ಎಳೆದು ಮುಚ್ಚಿದಳು.

ಕ್ಲೆಮ್ ಮೀಸೆಗಂಟಿದ ಕೇಕಿನ ಪುಡಿ ಒರೆಸಿಕೊಂಡ.

— ಬೀಗ ಒಂಚೂರು ದೊಡ್ಡದೇ ತಗೊಳ್ಳಪ್ಪ. ಕೌನ್ಸಿಲ್‌ನೋರ ಕಣ್ಣು ಮಂಜು.